ಹಣ್ಣು: ಕಚ್ಚುವುದು, ಬಲಿಯುವುದು, ಮಾಗುವುದು

ಹೂ ಬಿಡುವ ಸಸ್ಯಗಳಲ್ಲಿ ಅಂಡಾಶಯ ಬೆಳೆದು ಬಲಿತಾಗ ಅದು ಹಣ್ಣು. ಅದರೊಳಗಿನ ಅಂಡಕಗಳು ಬೀಜಗಳು. ಈ ಲೆಕ್ಕದಲ್ಲಿ ಮಾವು, ಸೀಬೆ, ಸಪೋಟಗಳಂತೆಯೇ ಬದನೆ, ಬೆಂಡೆ, ಹಸಿಮೆಣಸಿನಕಾಯಿ, ಅವರೆಕಾಯಿ, ಹತ್ತಿಕಾಯಿ, ಭತ್ತದ ಕಾಳು ಕೂಡ ಹಣ್ಣುಗಳೇ. ತರಕಾರಿ ಯಾವುದು, ಹಣ್ಣು ಯಾವುದು ಎಂದು ಅಡುಗೆಮನೆ ನಾಲಗೆಯಿಂದ ತೀರ್ಮಾನಿಸುತ್ತದೆ. ಸಸ್ಯಶಾಸ್ತ್ರ ಹೂವನ್ನು ನೋಡಿ ತೀರ್ಮಾನಿಸುತ್ತದೆ. ಹೂವಿಲ್ಲದೆ ಹಣ್ಣಿಲ್ಲ. ಲಾಲ್‌ಬಾಗಿನಲ್ಲಿ ಮುಗಿಲಿಗೆ ನೆಟ್ಟಗೆ ನಿಂತಿರುವ ಅರಾಕೇರಿಯಾ ಮರಗಳು ಬೀಜ ಕೊಡುತ್ತವೆ, ಆದರೆ ಅವುಗಳಲ್ಲಿ ಅಂಡಾಶಯವೇ ಇಲ್ಲದ್ದರಿಂದ ಹಣ್ಣು ಕೊಡುವುದಿಲ್ಲ.

ಲಾಲ್‌ಬಾಗಿನ ಮಗ್ಗುಲಿನ ಸಿದ್ದಾಪುರ ಬೆಂಗಳೂರಿಗರಿಗೆ ನರ್ಸರಿಗಳ ಜಾಗವೆಂದೇ ಪರಿಚಿತ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟಿನ ತಾರಸಿಗಳಿಗೂ ಹಿತ್ತಿಲುಗಳಿಗೂ ಸೀಬೆ, ನಿಂಬೆ, ದಾಳಿಂಬೆ, ಕಸಿಮಾವು ಇಲ್ಲಿಂದ ಆಟೋ ಹತ್ತಿ ಹೋಗುತ್ತವೆ. ಗಿಡ ಒಯ್ದವರು ಒಂದೆರಡು ವರ್ಷ ಕಳೆದ ಮೇಲೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಹೂ ರಾಶಿ ಬಿಡುತ್ತೆ, ಕಾಯಿ ಯಾಕೆ ಕಚ್ಚಲ್ಲ? ಗೊಬ್ಬರ ಸಾಲದು, ನೀರು ಹೆಚ್ಚಾಯಿತು ಎಂಬ ಉತ್ತರಗಳು ಕೆಲವೊಮ್ಮೆ ಸರಿಯೇ. ಆದರೆ ಮೂಲ ಉತ್ತರ ಬೇರೆ ಕಡೆ ಇದೆ. ಹಣ್ಣು ಬೆಳೆಯಬೇಕೋ ಬೇಡವೋ ಎಂದು ಹೇಳುವುದು ಬಹುಮಟ್ಟಿಗೆ ಒಳಗಿನ ಬೀಜ. ಮರ ಅದರ ಮಾತು ಕೇಳುತ್ತದೆ. ಬೀಜದಿಂದ ಮಾತೇ ಬರದಿದ್ದರೆ ಹೂವನ್ನು ಉದುರಿಸಿ ಸುಮ್ಮನಾಗುತ್ತದೆ.

ಹೂವಿನಿಂದ ಹೀಚಿಗೆ

ಗಾಳಿಯೋ ಜೇನೋ ನೊಣವೋ ತಂದ ಪರಾಗ ಹೂವಿನ ಶಲಾಕಾಗ್ರದ ಮೇಲೆ ಬಿದ್ದರೆ ಅಲ್ಲಿಂದ ಒಂದು ನಳಿಕೆ ಮೊಳೆತು, ಶಲಾಕೆಯೊಳಗೆ ಇಳಿದು, ಅಂಡಕವನ್ನು ಸೇರುತ್ತದೆ. ನಳಿಕೆಯಲ್ಲಿ ಬರುವುದು ಎರಡು ಗಂಡು ಕೋಶಗಳು. ಒಂದು ಅಂಡವನ್ನು ಕೂಡಿ ಭ್ರೂಣವಾಗುತ್ತದೆ. ಇನ್ನೊಂದು ಏನು ಮಾಡುತ್ತದೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. 1898ರಲ್ಲಿ ಸೆರ್ಗೆಯ್ ನವಾಶಿನ್ ಎಂಬ ರಷ್ಯನ್ ಸಸ್ಯಶಾಸ್ತ್ರಜ್ಞ ಲಿಲ್ಲಿ ಜಾತಿಯ ಹೂಗಳಲ್ಲಿ ಅದನ್ನು ಕಂಡುಹಿಡಿದ: ಎರಡನೆಯದು ಅಂಡಕದ ಮಧ್ಯದ ಕೋಶವನ್ನು ಕೂಡಿ ಭ್ರೂಣಾಹಾರವನ್ನು ಹುಟ್ಟಿಸುತ್ತದೆ. ಇದು ಇಮ್ಮಡಿ ಗರ್ಭಾಂಕುರ. ನಾವು ಉಣ್ಣುವ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ ಬಹುಪಾಲು ಈ ಎರಡನೆಯ ಕೂಟದ ಫಲ.

ಭ್ರೂಣಾಹಾರವನ್ನು ಬರಿಗಣ್ಣಿನಲ್ಲಿ ನೋಡಬೇಕೆಂದರೆ ರಸ್ತೆಬದಿಯ ಎಳನೀರಿನ ಗಾಡಿಯ ಬಳಿ ನಿಂತರೆ ಸಾಕು. ತೆಂಗಿನಲ್ಲಿ ಅದು ಮೊದಲು ನೀರಾಗಿಯೇ ಇರುತ್ತದೆ. ಕೋಶಭಿತ್ತಿ ಕಟ್ಟಿಕೊಳ್ಳದ ಅಸಂಖ್ಯ ಕೋಶಕೇಂದ್ರಗಳು ಅದರಲ್ಲಿ ತೇಲುತ್ತಿರುತ್ತವೆ. ಆರೇಳು ತಿಂಗಳ ಕಾಯಿಯಲ್ಲಿ ಅವು ಚಿಪ್ಪಿನ ಒಳಮೈಗೆ ಸರಿದು ಕೋಶಗಳಾಗಿ ತೆಳ್ಳಗೆ ಹತ್ತಿಕೊಳ್ಳತೊಡಗುತ್ತವೆ. ‘ನೀರು ಜಾಸ್ತಿ ಇರೋದು ಬೇಕಾ, ಗಂಜಿ ಬೇಕಾ’ ಎಂದು ಕೇಳುವ ವ್ಯಾಪಾರಿ ಮಚ್ಚಿನ ಹಿಡಿಯಿಂದ ಕಾಯಿಯನ್ನು ತಟ್ಟಿ ಅಂದಾಜು ಮಾಡುವುದು ಈ ಹಂತವನ್ನೇ. ಹನ್ನೆರಡು ತಿಂಗಳಿಗೆ ಗಂಜಿ ಗಟ್ಟಿಯಾಗಿ ಕೊಬ್ಬರಿಯಾಗುವ ತೆಂಗಿನಕಾಯಿ. ಈ ನೀರಿಗೆ ಎಳೆಯ ಭ್ರೂಣವನ್ನು ಸಾಕುವ ಶಕ್ತಿಯಿದೆ ಎಂಬುದನ್ನು 1941ರಲ್ಲಿ ಯೋಹಾನೆಸ್ ಫಾನ್ ಓವರ್‌ಬೇಕ್ ಮತ್ತು ಸಂಗಡಿಗರು ದತ್ತೂರಿಯ ಭ್ರೂಣಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ತೋರಿಸಿದರು. ಅಂಗಾಂಶ ಕೃಷಿಯ ಪ್ರಯೋಗಾಲಯಗಳು ಎಳನೀರನ್ನು ಬಳಸಲು ತೊಡಗಿದ್ದರ ಹಿಂದೆ ಈ ಕೆಲಸವಿದೆ.

ಅಂಡಕ, ಭ್ರೂಣ, ಭ್ರೂಣಾಹಾರಗಳ ಅಧ್ಯಯನದಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ಹೆಸರೊಂದಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿ ವೃತ್ತಿಯಲ್ಲಿ ಸಸ್ಯಗಳ ಭ್ರೂಣಶಾಸ್ತ್ರ ಮತ್ತು ಅಂಗರಚನಾಶಾಸ್ತ್ರದ ಸಂಶೋಧಕರು, ಬಸವನಗುಡಿಯ ಡಿ.ವಿ. ಗುಂಡಪ್ಪನವರ ಮಗ. ಅವರ ನಗೆಬರಹವನ್ನು ಮೆಚ್ಚಿದವರಲ್ಲಿ ಎಷ್ಟೋ ಮಂದಿಗೆ ಸೂಕ್ಷ್ಮದರ್ಶಕದ ಮುಂದೆ ಅವರು ಕಳೆದ ವರ್ಷಗಳ ಅರಿವಿಲ್ಲ. ಅವರು ವಿಶೇಷವಾಗಿ ಅಭ್ಯಾಸ ಮಾಡಿದ ಆರ್ಕಿಡ್ ಕುಟುಂಬ ಹಣ್ಣಿನ ವಿಷಯದಲ್ಲಿ ತೀರ ವಿಚಿತ್ರ. ಅನೇಕ ಆರ್ಕಿಡ್‌ಗಳಲ್ಲಿ ಹೂ ಅರಳುವ ಹೊತ್ತಿಗೆ ಅಂಡಕಗಳೇ ಸಿದ್ಧವಾಗಿರುವುದಿಲ್ಲ. ಪರಾಗ ಬಿದ್ದ ಸುದ್ದಿ ಮುಟ್ಟಿದ ಮೇಲಷ್ಟೇ ಅಂಡಾಶಯ ಅವನ್ನು ತಯಾರಿಸಲು ಕೂರುತ್ತದೆ.

ಆರ್ಕಿಡ್ ಕುಟುಂಬದ್ದೇ ಆದ ವೆನಿಲ್ಲಾದಲ್ಲಿ ಮಲೆನಾಡಿನ ಬೆಳೆಗಾರರು ಈ ಪಾಠವನ್ನು ಕೈಯಾರೆ ಕಲಿತರು. ಮೆಕ್ಸಿಕೋ ಕಡೆಯ ಈ ಬಳ್ಳಿಗೆ ನಮ್ಮ ತೋಟಗಳಲ್ಲಿ ಅದರ ಕೀಟವಿಲ್ಲ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುವ ಪ್ರತಿ ಹೂವಿಗೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು. ಈ ಉಪಾಯವನ್ನು 1841ರಲ್ಲಿ ರೀಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡರ ಹರೆಯದ ಗುಲಾಮ ಹುಡುಗ. 2003ರ ಸುಮಾರಿಗೆ ಬೆಲೆ ಆಕಾಶಕ್ಕೇರಿದಾಗ ತೀರ್ಥಹಳ್ಳಿ, ಶೃಂಗೇರಿಯ ಕಡೆಗಳಲ್ಲಿ ಬೆಳಗಿನ ಹೊತ್ತು ಅಡಿಕೆ ತೋಟಗಳಲ್ಲಿ ಇದೇ ಕೆಲಸ ನಡೆಯಿತು. ಮುಂದಿನ ಒಂದೆರಡು ವರ್ಷದಲ್ಲಿ ಬೆಲೆ ಬಿದ್ದು ಬಳ್ಳಿಗಳನ್ನು ಕಿತ್ತವರೂ ಇದ್ದಾರೆ.

ಬೀಜದ ಹುಕುಂ

ಬೀಜ ಹೇಳಿದಂತೆ ಹಣ್ಣು ಕೇಳುತ್ತದೆ ಎಂಬುದಕ್ಕೆ ಸೀತಾಫಲದಷ್ಟು ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ. ಅದರ ಒಂದೇ ಹೂವಿನಲ್ಲಿ ಹತ್ತಾರು ಅಂಡಾಶಯಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಹಣ್ಣಿನ ಮೈಮೇಲೆ ಕಾಣುವ ಉಬ್ಬು ಒಂದೊಂದೂ ಒಂದೊಂದು ಅಂಡಾಶಯ. ಬಾಯಿಗೆ ಹಾಕಿಕೊಂಡಾಗ ಬಿಳಿ ತಿರುಳಿನ ಒಂದು ತುಣುಕು ಮತ್ತು ಒಂದು ಕರಿ ಬೀಜ ಒಟ್ಟಿಗೆ ಬರುವುದು ಇದರಿಂದ. ಈ ಹೂ ಮೊದಲು ಹೆಣ್ಣಾಗಿ, ಆಮೇಲೆ ಗಂಡಾಗಿ ವರ್ತಿಸುತ್ತದೆ. ಆದ್ದರಿಂದ ತನ್ನ ಪರಾಗ ತನಗೆ ಒದಗುವುದು ಅಪರೂಪ. ಸಣ್ಣ ಜೀರುಂಡೆಗಳು ಬೇರೆ ಹೂವಿನಿಂದ ತಂದ ಪರಾಗ ಕೆಲವು ಅಂಡಾಶಯಗಳಿಗಷ್ಟೇ ತಲುಪಿದರೆ ಆ ಮಗ್ಗುಲು ಮಾತ್ರ ಉಬ್ಬುತ್ತದೆ, ಉಳಿದ ಮಗ್ಗುಲು ಚಪ್ಪಟೆಯಾಗಿ ಉಳಿಯುತ್ತದೆ. ಸಂತೆಯಲ್ಲಿ ಸೊಟ್ಟ ಸೀತಾಫಲ ಕಂಡರೆ ಅದನ್ನು ರೋಗವೆಂದು ದೂರ ಇಡಬೇಕಿಲ್ಲ. ಸೊಟ್ಟಾದ ಕಡೆ ಬಿಡಿಸಿ ನೋಡಿದರೆ ಬೀಜಗಳಿರುವುದಿಲ್ಲ, ಅಷ್ಟೆ. ತಾರಸಿಯ ಕುಂಡದಲ್ಲಿ ಸೀತಾಫಲ ಬೆಳೆಸುವವರು ಮೆತ್ತನೆಯ ಬ್ರಷ್ಷಿನಿಂದ ಪರಾಗ ಸವರಿದರೆ ಹಣ್ಣು ದುಂಡಗಾಗುತ್ತದೆ.

ಇದೇ ಮಾತನ್ನು ಪ್ರಯೋಗದಿಂದ ತೋರಿಸಿದವರು ಜೆ.ಪಿ. ನಿಚ್. 1950ರಲ್ಲಿ ಪ್ರಕಟವಾದ ಅವರ ಕೆಲಸ ಸ್ಟ್ರಾಬೆರಿಯ ಮೇಲೆ. ಸ್ಟ್ರಾಬೆರಿಯ ಮೈಮೇಲೆ ಎಳ್ಳಿನಂತೆ ಅಂಟಿರುವ ಕಾಳುಗಳೇ ಅದರ ನಿಜವಾದ ಹಣ್ಣುಗಳು; ಕೆಂಪು ತಿರುಳು ಹೂವಿನ ಪೀಠ ಉಬ್ಬಿದ್ದು. ಎಳೆಯದರಲ್ಲಿ ಕಾಳುಗಳನ್ನೆಲ್ಲ ಕಿತ್ತಾಗ ತಿರುಳು ಬೆಳೆಯುವುದು ನಿಂತುಹೋಯಿತು. ಕಿತ್ತ ಜಾಗಕ್ಕೆ ಆಕ್ಸಿನ್ ಗುಂಪಿನ ಚೋದಕವಸ್ತುವಿನ ಲೇಪ ಹಚ್ಚಿದಾಗ ಕಾಳಿಲ್ಲದೆಯೂ ಬೆಳೆಯಿತು. ಬೀಜ ಕಳಿಸುವ ಸಂದೇಶ ಮುಖ್ಯವಾಗಿ ಆಕ್ಸಿನ್, ಜಿಬ್ಬೆರೆಲಿನ್, ಸೈಟೊಕೈನಿನ್ ಎಂಬ ಇಂಥ ಚೋದಕಗಳು. ಅವು ಅಂಡಾಶಯದ ಕೋಶಗಳು ಒಡೆದು ಹೆಚ್ಚುವಂತೆ ಮಾಡುತ್ತವೆ, ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಕಾಯಿಯ ಕಡೆಗೆ ಎಳೆಯುತ್ತವೆ, ತೊಟ್ಟು ಕಳಚದಂತೆ ಕಾಯುತ್ತವೆ.

ಉದುರುವ ಲೆಕ್ಕ

ಮಾವಿನ ಒಂದು ಹೂಗೊಂಚಲಿನಲ್ಲಿ ಸಾವಿರದಿಂದ ಆರು ಸಾವಿರದಷ್ಟು ಹೂ ಇರಬಹುದು. ಅವುಗಳಲ್ಲಿ ಹಲವು ಬರಿಯ ಗಂಡು ಹೂಗಳು. ಕಾಯಿ ಕಚ್ಚಬಲ್ಲ ದ್ವಿಲಿಂಗಿ ಹೂಗಳ ಪಾಲು ತಳಿಯಿಂದ ತಳಿಗೆ ಬದಲಾಗುತ್ತದೆ. ಕೊನೆಗೆ ಗೊಂಚಲಿಗೆ ಒಂದೋ ಎರಡೋ ಹಣ್ಣು ನಿಂತರೆ ಅದು ಒಳ್ಳೆಯ ಫಸಲು. ಹೀಚಾಗಿ ಉದುರುವುದು, ಮಿಡಿಯಾಗಿ ಉದುರುವುದು, ಕಾಯಾದ ಮೇಲೂ ಉದುರುವುದು ಎಲ್ಲ ಇದೆ. ತೊಟ್ಟಿನ ಬುಡದಲ್ಲಿ ಕೋಶಗಳ ಒಂದು ತೆಳುಪದರ ಸಡಿಲಗೊಂಡು ಕಾಯಿ ಕಳಚಿಕೊಳ್ಳುತ್ತದೆ; ಬೀಜದ ಭ್ರೂಣ ಸತ್ತರೆ ಅಥವಾ ಅದರ ಚೋದಕಗಳ ಹರಿವು ತಗ್ಗಿದರೆ ಆ ಪದರಕ್ಕೆ ಅಪ್ಪಣೆ ಸಿಕ್ಕಂತೆ. ಜಿಗಿಹುಳು, ಬೂದಿರೋಗ, ಹೂವಿನ ಕಾಲದ ಮೋಡ ಮತ್ತು ಮಂಜು ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತವೆ. ಮಾವಿಗೆ ಪರಾಗ ಮುಟ್ಟಿಸುವುದರಲ್ಲಿ ಜೇನಿಗಿಂತ ನೊಣಗಳ ಪಾಲೇ ಹೆಚ್ಚು ಎನ್ನುವುದು ಕೇಳಲು ಹಿತವಲ್ಲ, ಆದರೆ ನಿಜ. ಹೂ ತುಂಬಿದಾಗ ಔಷಧಿ ಹೊಡೆದರೆ ಈ ಕೆಲಸಗಾರರು ಸಾಯುತ್ತಾರೆ.

ನೆಲಕ್ಕೆ ಬಿದ್ದ ಮಿಡಿ ವ್ಯರ್ಥವಾಗುವುದಿಲ್ಲ. ಉಪ್ಪಿನಕಾಯಿಯ ಜಾಡಿ ಇರುವ ನಾಡಿನಲ್ಲಿ ಹಣ್ಣಿನ ಅರ್ಧ ಬೆಳವಣಿಗೆಗೂ ಬೆಲೆಯಿದೆ.

ಉಳಿದ ಕಾಯಿ ಎರಡು ಹಂತಗಳಲ್ಲಿ ಬೆಳೆಯುತ್ತದೆ. ಮೊದಲು ಕೋಶಗಳ ಸಂಖ್ಯೆ ಹೆಚ್ಚುತ್ತದೆ. ಟೊಮ್ಯಾಟೊದಲ್ಲಿ ಇದು ಒಂದೆರಡು ವಾರದ ಕೆಲಸ. ಆಮೇಲೆ ಇದ್ದ ಕೋಶಗಳೇ ನೀರು, ಸಕ್ಕರೆ, ಆಮ್ಲ ತುಂಬಿಕೊಂಡು ಹಿಗ್ಗುತ್ತವೆ. ಕಾಯಿ ಎಷ್ಟು ದೊಡ್ಡದಾಗಬಹುದು ಎಂಬುದರ ದೊಡ್ಡ ಪಾಲು ಮೊದಲ ಹಂತದಲ್ಲೇ ನಿಶ್ಚಯವಾಗಿರುತ್ತದೆ. ಹೀಚಿನ ಕಾಲದಲ್ಲಿ ನೀರು ತಪ್ಪಿಸಿ ಕೊಯ್ಲಿನ ಮುಂಚೆ ಹೊಯ್ದರೆ ಆ ನಷ್ಟ ತುಂಬದು. ದ್ರಾಕ್ಷಿಯಂಥವು ನಡುವೆ ಕೆಲವು ವಾರ ಬೆಳವಣಿಗೆ ತಗ್ಗಿಸಿ, ಬೀಜ ಗಟ್ಟಿಯಾದ ಮೇಲೆ ಮತ್ತೆ ಹಿಗ್ಗುತ್ತವೆ.

ಯಾವುದು ಎಲ್ಲಿಂದ ಬಂತು

ಸೀಬೆಕಾಯಿಯ ತುದಿಯಲ್ಲಿ ಒಣಗಿದ ಕಿರೀಟದಂಥದೊಂದು ಇರುತ್ತದೆ. ಅದು ಹೂವಿನ ಪುಷ್ಪಪಾತ್ರೆಯ ಎಸಳುಗಳು. ಬದನೆಯಲ್ಲಾದರೆ ಅದೇ ಎಸಳುಗಳು ತೊಟ್ಟಿನ ಕಡೆ ಟೋಪಿಯಾಗಿ ಕೂತಿರುತ್ತವೆ. ಬದನೆಯ ಹೂವಿನಲ್ಲಿ ಅಂಡಾಶಯ ಎಸಳುಗಳ ಮೇಲಿದೆ. ಸೀಬೆಯಲ್ಲಿ ಕೆಳಗೆ ಹುದುಗಿದೆ, ಹಾಗಾಗಿ ಸೀಬೆ ತಿನ್ನುವಾಗ ಅಂಡಾಶಯದ ಜೊತೆಗೆ ಅದನ್ನು ಸುತ್ತಿದ ಹೂವಿನ ಬುಡವನ್ನೂ ತಿನ್ನುತ್ತೇವೆ. ದೇವನಹಳ್ಳಿಯ ಚಕ್ಕೋತದ ತೊಳೆ ಸುಲಿದಾಗ ಕಾಣುವ ರಸದ ಉದ್ದುದ್ದ ಕಾಳುಗಳು ಅಂಡಾಶಯದ ಒಳಗೋಡೆಯಿಂದ ಹುಟ್ಟಿದ ರೋಮಗಳು, ರಸ ತುಂಬಿ ಊದಿಕೊಂಡವು.

ಹಲಸು ಇನ್ನೂ ಮಜದ ಸಂಗತಿ. ಅದು ಒಂದು ಹೂವಿನ ಹಣ್ಣಲ್ಲ, ಒಂದು ಹೂಗೊಂಚಲಿನ ಹಣ್ಣು. ಒಂದೇ ಮರದಲ್ಲಿ ಗಂಡು ಗೊಂಚಲು ಬೇರೆ, ಹೆಣ್ಣು ಗೊಂಚಲು ಬೇರೆ. ಗಂಡು ಗೊಂಚಲು ಪರಾಗ ಉದುರಿಸಿ, ಕಪ್ಪಗೆ ಬೂಸಲು ಹಿಡಿದು ಬಿದ್ದುಹೋಗುತ್ತದೆ. ಕಾಯಿ ಕೊಳೆಯಿತೆಂದು ಹಲವರು ಗಾಬರಿಯಾಗುವುದು ಇದನ್ನು ನೋಡಿ. ಹೆಣ್ಣು ಗೊಂಚಲು ಕಾಂಡಕ್ಕೆ ದಪ್ಪ ತೊಟ್ಟಿನಿಂದ ಅಂಟಿರುತ್ತದೆ, ಅದರ ಮೇಲಿನ ಪ್ರತಿ ಮುಳ್ಳೂ ಒಂದು ಹೂವಿನ ತುದಿ. ಪರಾಗ ಸಿಕ್ಕಿದ ಹೂವಿನ ಹೊದಿಕೆ ದಪ್ಪಗಾಗಿ ಸಿಹಿ ತೊಳೆಯಾಗುತ್ತದೆ. ಸಿಗದ ಹೂಗಳು ತೊಳೆಗಳ ನಡುವೆ ನಾರಿನಂಥ ಪಟ್ಟಿಗಳಾಗಿ ಉಳಿಯುತ್ತವೆ. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು ಹಲಸು ಬಿಡಿಸುವವರು ಎಸೆಯುವ ಆ ಪಟ್ಟಿಗಳಲ್ಲಿ ಯಾವ ಹೂಗೆ ಪರಾಗ ಮುಟ್ಟಲಿಲ್ಲ ಎಂಬುದರ ಪೂರ್ತಿ ಲೆಕ್ಕವಿದೆ. ತೊಳೆ ಹೆಚ್ಚು, ನಾರು ಕಡಿಮೆ ಇರುವ ಹಣ್ಣೆಂದರೆ ಪರಾಗ ಚೆನ್ನಾಗಿ ಹಂಚಿಕೆಯಾದ ಹಣ್ಣು.

ಅತ್ತಿ ಇದೇ ಗೊಂಚಲನ್ನು ಒಳಗೆ ಮಡಚಿ ಬಾಯಿ ಮುಚ್ಚಿಕೊಂಡಿದೆ. ಹೂಗಳೆಲ್ಲ ಒಳಗೆ, ಸಾಸಿವೆ ಗಾತ್ರದ ಕಣಜಗಳು ತುದಿಯ ರಂಧ್ರದಿಂದ ತೂರಿ ಪರಾಗ ಮುಟ್ಟಿಸಿ ಅಲ್ಲೇ ಮೊಟ್ಟೆಯಿಡುತ್ತವೆ. ಈ ಸಂಬಂಧವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ತಂಡ ದೀರ್ಘಕಾಲ ಅಧ್ಯಯನ ಮಾಡಿದೆ.

ನೆಲದೊಳಗಿನ ಕಾಯಿ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಸುರಿದ ಆ ರಾಶಿಯಲ್ಲಿ ಗಡ್ಡೆಯೂ ಇಲ್ಲ, ಬೇರೂ ಇಲ್ಲ. ಅದು ಪೂರ್ತಿ ಹಣ್ಣಿನ ರಾಶಿ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡದ ಹಳದಿ ಹೂ ನೆಲದ ಮೇಲೆಯೇ ಮುಂಜಾನೆ ಅರಳಿ, ತನ್ನ ಪರಾಗವನ್ನು ತಾನೇ ತೆಗೆದುಕೊಂಡು, ಅಂದೇ ಬಾಡುತ್ತದೆ. ಒಂದು ವಾರದೊಳಗೆ ಅಂಡಾಶಯದ ಬುಡ ಉದ್ದವಾಗಿ ಚೂಪಾದ ಕಡ್ಡಿಯಂತೆ ಕೆಳಮುಖವಾಗಿ ಹೊರಡುತ್ತದೆ. ಗರ್ಭಗಟ್ಟಿದ ಅಂಡಕಗಳು ಆ ಕಡ್ಡಿಯ ತುದಿಯಲ್ಲಿರುತ್ತವೆ, ಆದರೆ ಅವುಗಳಲ್ಲಿನ ಭ್ರೂಣ ಬೆಳೆಯುವುದನ್ನು ನಿಲ್ಲಿಸಿ ಕಾಯುತ್ತಿರುತ್ತದೆ. ಕಡ್ಡಿ ಮಣ್ಣಿಗೆ ಹೊಕ್ಕು ಕತ್ತಲೆ ಸಿಕ್ಕಿ, ಮಣ್ಣಿನ ಒತ್ತು ತಗುಲಿದ ಮೇಲೆ ತುದಿ ಅಡ್ಡಕ್ಕೆ ತಿರುಗಿ ಕಾಯಿ ಉಬ್ಬತೊಡಗುತ್ತದೆ. ಗಿಡದ ತುಂಬ ಮೇಲೆ ಬಿಟ್ಟ ಹೂವಿನ ಕಡ್ಡಿ ನೆಲ ಮುಟ್ಟದೆ ಒಣಗುತ್ತದೆ. ಹೂವಿನ ಹೊತ್ತಿಗೆ ಗಿಡದ ಬುಡಕ್ಕೆ ಮಣ್ಣು ಏರಿಸುವುದು, ಆ ಮೇಲೆ ಕುಂಟೆ ಹೊಡೆಯದಿರುವುದು ಈ ಕಾರಣಕ್ಕೆ.

ಇನ್ನೊಂದು ವಿಶೇಷ: ಮಣ್ಣೊಳಗಿನ ಈ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಬಹುಪಾಲು ಬೇರಿನಿಂದ ಪಡೆಯದೆ ತನ್ನ ಸಿಪ್ಪೆಯ ಮೂಲಕ ಸುತ್ತಲ ಮಣ್ಣಿನಿಂದಲೇ ಹೀರುತ್ತದೆ. ಅದು ಸಾಲದಿದ್ದರೆ ಕಾಯಿ ದಪ್ಪಗಿದ್ದರೂ ಒಳಗೆ ಜೊಳ್ಳು. ಚಳ್ಳಕೆರೆ, ಪಾವಗಡದ ಕಡೆಯ ರೈತರಿಗೆ ಹೂವಿನ ಕಾಲದಲ್ಲಿ ಜಿಪ್ಸಂ ಹಾಕಿ ಎಂದು ಕೃಷಿ ಇಲಾಖೆ ಹೇಳುವುದು ಇದಕ್ಕಾಗಿ.

ಬೀಜವಿಲ್ಲದೆ

ಬೀಜದ ಅಪ್ಪಣೆಯಿಲ್ಲದೆ ಬೆಳೆಯುವ ಹಣ್ಣುಗಳೂ ಇವೆ. ಅವುಗಳಲ್ಲಿ ಹೆಚ್ಚಿನವನ್ನು ಆರಿಸಿ ಉಳಿಸಿಕೊಂಡದ್ದು ಮನುಷ್ಯ. ಬಾಳೆಯಲ್ಲಿ ಗೊನೆಯ ಮೊದಲ ಚಿಪ್ಪುಗಳು ಹೆಣ್ಣು ಹೂಗಳಿಂದ ಬರುತ್ತವೆ, ಮೂತಿಯ ತುದಿಯವು ಗಂಡು. ಪರಾಗ ಬೀಳದಿದ್ದರೂ ಅಂಡಾಶಯ ತಾನಾಗಿ ಬೆಳೆಯುತ್ತದೆ. ಹಣ್ಣು ಕತ್ತರಿಸಿದಾಗ ನಡುವೆ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಪಚ್ಚಬಾಳೆಯಂಥವುಗಳ ಕೋಶಗಳಲ್ಲಿ ವರ್ಣತಂತುಗಳು ಎರಡರ ಬದಲು ಮೂರು ಜೊತೆಯಾಗಿ ಇರುವುದರಿಂದ ಬೀಜ ಕಟ್ಟುವುದೇ ಕಷ್ಟ. ಇಂಥ ಗಿಡ ಕಂದಿನಿಂದಲ್ಲದೆ ಬೇರೆ ದಾರಿಯಲ್ಲಿ ವಂಶ ಬೆಳೆಸದು.

ದ್ರಾಕ್ಷಿಯ ದಾರಿ ಬೇರೆ. ಬೆಂಗಳೂರು ಬ್ಲೂ, ಸಿಪ್ಪೆ ಹಿಸುಕಿದರೆ ತಿರುಳು ಜಾರಿ ಬರುವ ಆ ನೇರಳೆ ದ್ರಾಕ್ಷಿ, ಬೀಜವುಳ್ಳದ್ದು. ವಿಜಯಪುರದಲ್ಲಿ ಒಣದ್ರಾಕ್ಷಿಗೆ ಬೆಳೆಯುವ ಥಾಮ್ಸನ್ ಸೀಡ್‌ಲೆಸ್‌ನಲ್ಲಿ ಗರ್ಭಾಂಕುರ ನಡೆಯುತ್ತದೆ, ಆದರೆ ಬೀಜ ಎಳವೆಯಲ್ಲೇ ಸಾಯುತ್ತದೆ. ಅದರ ಸಂದೇಶ ಅರ್ಧಕ್ಕೆ ನಿಂತದ್ದರಿಂದ ಹಣ್ಣು ಸಣ್ಣದು. ಬೆಳೆಗಾರರು ಜಿಬ್ಬೆರೆಲಿನ್ ದ್ರಾವಣದಲ್ಲಿ ಗೊಂಚಲನ್ನು ಅದ್ದಿ, ಇಲ್ಲವೇ ಸಿಂಪಡಿಸಿ ಆ ಕೊರತೆ ತುಂಬುತ್ತಾರೆ. ಬೀಜ ಹೇಳಬೇಕಾದ ಮಾತನ್ನು ಇಲ್ಲಿ ಬಾಟಲಿ ಹೇಳುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಸೀಮೆಬದನೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರನ್ ಇಲ್ಲಿಗೆ ತಂದ ಈ ಮಧ್ಯ ಅಮೆರಿಕದ ಬಳ್ಳಿಗೆ ತಮಿಳರು ಇಂದಿಗೂ ಬೆಂಗಳೂರು ಬದನೆ ಎಂದೇ ಹೆಸರಿಟ್ಟಿದ್ದಾರೆ. ಒಂದು ಕಾಯಿಗೆ ಒಂದೇ ಬೀಜ, ಅದೂ ಕಾಯಿಯಿಂದ ಹೊರಬರುವುದಿಲ್ಲ. ಬುಟ್ಟಿಯಲ್ಲಿ ಮರೆತ ಕಾಯಿಯ ತುದಿ ಸೀಳಿ ಮೊಳಕೆ ಇಣುಕುತ್ತದೆ; ಬಿತ್ತುವುದೆಂದರೆ ಇಡೀ ಕಾಯಿಯನ್ನೇ ಹೂಳುವುದು.

ಮಾಗುವ ಕಾಲ

ಬೀಜ ಬಲಿತ ಮೇಲೆ ಹಣ್ಣಿನ ಧೋರಣೆಯೇ ಬದಲಾಗುತ್ತದೆ. ಅಲ್ಲಿಯವರೆಗೆ ಹಸಿರು, ಒಗರು, ಹುಳಿ, ಸೊನೆಗಳಿಂದ ಪ್ರಾಣಿಗಳನ್ನು ದೂರವಿಟ್ಟದ್ದು ಈಗ ಕರೆಯತೊಡಗುತ್ತದೆ. ಪಿಷ್ಟ ಒಡೆದು ಸಕ್ಕರೆಯಾಗುತ್ತದೆ, ಪತ್ರಹರಿತ್ತು ಮಾಯವಾಗಿ ಹಳದಿ ಕೆಂಪುಗಳು ಮೇಲೆ ಬರುತ್ತವೆ, ಕೋಶಗಳನ್ನು ಅಂಟಿಸಿದ ಪೆಕ್ಟಿನ್ ಕರಗಿ ತಿರುಳು ಮೆತ್ತಗಾಗುತ್ತದೆ, ಪರಿಮಳ ಏಳುತ್ತದೆ. ಮಾವು, ಬಾಳೆ, ಪಪ್ಪಾಯಿ, ಸಪೋಟಗಳಲ್ಲಿ ಇದೆಲ್ಲವನ್ನೂ ಒಮ್ಮೆಗೇ ಹೊರಡಿಸುವುದು ಎಥಿಲೀನ್ ಎಂಬ ಅನಿಲ. ಮಾಗುವ ಸೇಬು ಅದನ್ನು ಹೊರಬಿಡುತ್ತದೆಂದು 1934ರಲ್ಲಿ ರಿಚರ್ಡ್ ಗೇನ್ ಖಚಿತಪಡಿಸಿದ. ಒಂದು ಹಣ್ಣು ಬಿಟ್ಟ ಅನಿಲ ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ದೋರೆಗಾಯಿಗಳ ನಡುವೆ ಒಂದು ಹಣ್ಣು ಇಟ್ಟು ಹುಲ್ಲು ಮುಚ್ಚುವ, ಬಾಳೆಗೊನೆಗೆ ಹೊಗೆ ಹಾಕುವ ಹಳೆಯ ಪದ್ಧತಿಗಳು ಇದನ್ನೇ ಬಳಸಿದವು. ದ್ರಾಕ್ಷಿ, ದಾಳಿಂಬೆ, ಅನಾನಸ್, ಚಕ್ಕೋತ, ಕಿತ್ತಳೆಗಳು ಈ ಗುಂಪಿಗೆ ಸೇರಿಲ್ಲ. ಕಿತ್ತ ಮೇಲೆ ಅವು ಮೆತ್ತಗಾಗಬಹುದು, ಸಿಹಿ ಏರುವುದಿಲ್ಲ. ಹುಳಿ ದ್ರಾಕ್ಷಿಯನ್ನು ಮನೆಯಲ್ಲಿಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಕ್ಯಾಲ್ಸಿಯಂ ಕಾರ್ಬೈಡ್ ತೇವ ತಾಗಿದರೆ ಹೊರಡುವ ಅಸಿಟಲೀನ್ ಎಥಿಲೀನಿನ ಸೋಗು ಹಾಕುತ್ತದೆ. ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕಗಳ ಕಲ್ಮಶ ಇರುವುದರಿಂದ ಭಾರತದಲ್ಲಿ ಹಣ್ಣು ಮಾಗಿಸಲು ಅದರ ಬಳಕೆ ನಿಷಿದ್ಧ. ಎಥಿಲೀನ್ ಅನಿಲವನ್ನು ದಶಲಕ್ಷಕ್ಕೆ 100 ಭಾಗದವರೆಗೆ ಬಳಸಲು ಅನುಮತಿಯಿದೆ. ಆದರೆ ಯಾವ ಅನಿಲಕ್ಕೂ ಬಲಿಯದ ಕಾಯಿಗೆ ರುಚಿ ಕೊಡುವ ಶಕ್ತಿಯಿಲ್ಲ. ಬಲಿತಿದೆಯೇ ಎಂದು ತಿಳಿಯಲು ಸಪೋಟದ ಮೈಯನ್ನು ಉಗುರಿನಿಂದ ಗೀರುತ್ತಾರೆ: ಒಳಗೆ ಹಸಿರು ಕಂಡರೆ ಇನ್ನೂ ಬಿಡಬೇಕು, ಆಲೂಗಡ್ಡೆಯ ಹಳದಿ ಕಂಡರೆ ಕೀಳಬಹುದು.

ಬಲಿತಾಗ ಒಣಗುವ ಹಣ್ಣುಗಳು ಪ್ರಾಣಿಗಳನ್ನು ಕರೆಯುವ ಬದಲು ಒಡೆಯುತ್ತವೆ, ಹಾರುತ್ತವೆ. ಬೂರುಗದ ಅರಳೆ, ಮಹಾಗನಿಯ ರೆಕ್ಕೆಬೀಜ, ಎಳ್ಳಿನ ಬಿರುಕು ಈ ಸಾಲಿನವು.

ಕಸಿಯ ಲೆಕ್ಕ

ಓಟೆಯಿಂದ ಎದ್ದ ಮಾವು ಹೂ ಬಿಡಲು ಆರೆಂಟು ವರ್ಷವೋ ಅದಕ್ಕೂ ಹೆಚ್ಚೋ ತೆಗೆದುಕೊಳ್ಳುತ್ತದೆ. ಎಳೆತನ ಕಳೆಯುವವರೆಗೆ ಎಷ್ಟು ಗೊಬ್ಬರ ಸುರಿದರೂ ಹೂವಿಲ್ಲ. ಫಲ ಕೊಡುವ ಮರದ ಕಡ್ಡಿಯನ್ನು ಕಸಿ ಕಟ್ಟಿದರೆ ಆ ಕಡ್ಡಿ ತನ್ನ ವಯಸ್ಸನ್ನು ಜೊತೆಗೆ ತರುತ್ತದೆ, ಮೂರ್ನಾಲ್ಕು ವರ್ಷದಲ್ಲಿ ಫಸಲು. 1963ರಲ್ಲಿ ರಾಜ್ಯದ ತೋಟಗಾರಿಕೆ ನಿರ್ದೇಶಕರಾದ ಡಾ. ಎಂ.ಎಚ್. ಮರಿಗೌಡರು ಜಿಲ್ಲೆ ತಾಲ್ಲೂಕುಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನು, ನರ್ಸರಿಗಳನ್ನು ಹಬ್ಬಿಸಿದ್ದರ ಹಿಂದೆ ಇಂಥ ಗಿಡಗಳು ರೈತನ ಕೈಸೇರಬೇಕೆಂಬ ಲೆಕ್ಕವಿತ್ತು. ಸೀಬೆ, ದಾಳಿಂಬೆಗಳಿಗೆ ಗೂಟಿ ಕಟ್ಟುತ್ತಾರೆ. ತಾಯಿಮರದ ಕೊಂಬೆಗೆ ಅಲ್ಲೇ ಬೇರು ಬರಿಸಿ ಕತ್ತರಿಸುವ ಕ್ರಮ ಅದು.

ವಯಸ್ಸು ಬಂದರೂ ಮೈ ಬಂದಿರುವುದಿಲ್ಲ. ಕುಂಡದಲ್ಲಿರುವ ಮೊಳದುದ್ದದ ಕಸಿಮಾವು ಹೂ ಬಿಟ್ಟರೆ ಒಯ್ದವರಿಗೆ ಹಿಗ್ಗು, ಆದರೆ ಕೈಬೆರಳೆಣಿಕೆಯ ಎಲೆಗಳು ಹಣ್ಣಿಗೂ ಬೇರಿಗೂ ಒಟ್ಟಿಗೆ ಸಕ್ಕರೆ ಒದಗಿಸಲಾರವು. ಬೀಜದ ಸೆಳೆತ ಬೇರಿನದಕ್ಕಿಂತ ಬಲವಾದ್ದರಿಂದ ಗಿಡ ಹಣ್ಣಿಗೇ ಉಣಿಸಿ ತಾನು ಸೊರಗುತ್ತದೆ. ನೆಟ್ಟ ಮೊದಲ ಎರಡು ಮೂರು ವರ್ಷ ಹೂಗೊಂಚಲುಗಳನ್ನು ಚಿವುಟಿ ಹಾಕಿ ಎಂದು ತಿಳಿದ ಬೆಳೆಗಾರರೂ ತೋಟಗಾರಿಕೆ ಇಲಾಖೆಯವರೂ ಹೇಳುವುದು ಈ ಕಾರಣಕ್ಕೆ.